ಜನವರಿ 7ರಂದು ಜೋರು ಮಳೆ? ಆರ್‌ನಲ್ಲಿ ತೋಟದ ಲೆಕ್ಕ ತಪ್ಪಿದಾಗ ಎಲ್ಲಿ ಹುಡುಕಬೇಕು

ಕೊಡಗಿನಲ್ಲಿ ಮಳೆ ಪುಸ್ತಕ ಇಡದ ಕಾಫಿ ತೋಟ ಕಡಿಮೆ. ಬೆಳಿಗ್ಗೆ ಮಾಪಕ ನೋಡುವುದು, ಇಂಚು-ಸೆಂಟಿನಲ್ಲಿ (ಒಂದಿಂಚಿಗೆ ನೂರು ಸೆಂಟು) ಬರೆದಿಡುವುದು, ಪಕ್ಕದ ತೋಟಕ್ಕೆ ಫೋನ್ ಮಾಡಿ ‘ನಿಮ್ಮಲ್ಲಿ ಎಷ್ಟು ಬಿತ್ತು?’ ಅಂತ ಕೇಳುವುದು ಹಳೇ ರೂಢಿ. ಈಗ ಆ ಪುಸ್ತಕಗಳನ್ನು ಮನೆಯ ಮಕ್ಕಳೋ, ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳೋ ಸ್ಪ್ರೆಡ್‌ಶೀಟಿಗೆ ಏರಿಸುತ್ತಿದ್ದಾರೆ. ಲೆಕ್ಕಕ್ಕೆ ಬಳಸುವುದು ಹೆಚ್ಚಾಗಿ ಆರ್. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಶುರು ಮಾಡಿದ ಈ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ. ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಆದರೆ ಉತ್ತರ ಕೆಲವೊಮ್ಮೆ ವಿಚಿತ್ರವಾಗಿ ಬರುತ್ತದೆ. ಜುಲೈಗಿಂತ ಮಾರ್ಚ್‌ನಲ್ಲೇ ಮಳೆ ಜಾಸ್ತಿ ಅನ್ನುತ್ತದೆ. ಜನವರಿಯಲ್ಲಿ ಮುಂಗಾರು ತೋರಿಸುತ್ತದೆ. ಮಳೆಗೂ ಫಸಲಿಗೂ ಸಂಬಂಧವೇ ಇಲ್ಲ ಅನ್ನುತ್ತದೆ. ಆಗ ಬಹಳ ಜನ ಮೊದಲು ಮಾಡುವ ಕೆಲಸ ಅಂದರೆ ಆರ್ ಅನ್ನು ತೆಗೆದು ಮತ್ತೆ ಹಾಕುವುದು. ಇಲ್ಲವೇ ಬೇರೆ ಪ್ಯಾಕೇಜ್ (ಆರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಆಜ್ಞೆಗಳ ಕಟ್ಟು) ಹುಡುಕುವುದು. ಎರಡೂ ಸಮಯ ಹಾಳು. ಕೂಡಿಸುವಲ್ಲಿ, ಸರಾಸರಿ ತೆಗೆಯುವಲ್ಲಿ ಆರ್ ತಪ್ಪುವುದು ತೀರಾ ಅಪರೂಪ. ಎಡವಟ್ಟಾಗುವುದು ಅದಕ್ಕೂ ಮುಂಚೆ, ನಿಮ್ಮ ಫೈಲನ್ನು ಅದು ಓದಿಕೊಂಡಾಗ. ನೀವು ತಾರೀಕು ಅಂದುಕೊಂಡದ್ದನ್ನು ಅದು ಬರೀ ಅಕ್ಷರ ಅಂದುಕೊಂಡಿರುತ್ತದೆ. ನೀವು ಒಂದಿಂಚು ಐದು ಸೆಂಟು ಅಂತ 1.5 ಬರೆದದ್ದು ಅದಕ್ಕೆ ಒಂದೂವರೆ ಇಂಚು. ಹಾಗಾಗಿ ಈ ಬರಹದ ಬಹುಪಾಲು ಓದುವ ಹಂತದ ಬಗ್ಗೆಯೇ ಇದೆ. ಪೈಥಾನ್‌ನ ಪಾಂಡಾಸ್, ಪಿಎಸ್‌ಪಿಪಿ, ಜಮೋವಿ, ಗ್ರೆಟ್ಲ್‌ನಂಥ ಬೇರೆ ಲೆಕ್ಕದ ತಂತ್ರಾಂಶ ಬಳಸುವವರಿಗೂ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಅನ್ವಯಿಸುತ್ತದೆ.

ಆಜ್ಞೆಗಳ ಹೆಸರನ್ನು ಇಲ್ಲಿ ಕೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ದೊಡ್ಡಕ್ಷರ-ಸಣ್ಣಕ್ಷರದ ವ್ಯತ್ಯಾಸ ಆರ್‌ಗೆ ಮುಖ್ಯ.

ಮೊದಲು ನೋಡಿ, ಆಮೇಲೆ ಮುಟ್ಟಿ

ಮೂಲ ಫೈಲನ್ನು ಹಾಗೇ ಒಂದು ಕಡೆ ನಕಲು ಮಾಡಿಡಿ. ಆರ್ ಅನ್ನು ಮುಚ್ಚಿ ಮತ್ತೆ ತೆರೆಯಿರಿ. ಮುಚ್ಚುವಾಗ ವರ್ಕ್‌ಸ್ಪೇಸ್ ಉಳಿಸಬೇಕಾ ಅಂತ ಕೇಳಿದರೆ ಬೇಡ ಅನ್ನಿ. ಉಳಿಸಿದ್ದರೆ ನಿನ್ನೆಯ ಹಳೇ ಟೇಬಲ್ ಅದೇ ಹೆಸರಿನಲ್ಲಿ ವಾಪಸ್ ಬಂದು ಕೂರುತ್ತದೆ. ‘ಫೈಲ್ ಸರಿ ಮಾಡಿದ್ರೂ ಉತ್ತರ ಬದಲಾಗ್ತಿಲ್ಲ’ ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ.

ಈಗ ಫೈಲ್ ಓದಿಸಿ, ಎಸ್‌ಟಿಆರ್ ಆಜ್ಞೆ ಕೊಡಿ. ಪ್ರತಿ ಕಾಲಂ ಮುಂದೆ ಅದರ ಜಾತಿ ಬರುತ್ತದೆ. ಮಳೆ ಕಾಲಂ ಮುಂದೆ ಎನ್‌ಯುಎಂ ಅಥವಾ ಐಎನ್‌ಟಿ ಇರಬೇಕು. ಸಿಎಚ್‌ಆರ್ ಅಂತ ಇದ್ದರೆ ಆರ್ ಪಾಲಿಗೆ ಅದು ಸಂಖ್ಯೆ ಅಲ್ಲ, ಅಕ್ಷರ. ಫ್ಯಾಕ್ಟರ್ (ಪ್ರತಿ ಬೇರೆ ನಮೂದನ್ನೂ ಒಂದು ವರ್ಗ ಅಂದುಕೊಂಡು ಒಳಗೆ ಕ್ರಮಸಂಖ್ಯೆ ಕೊಟ್ಟಿಡುವ ಜಾತಿ) ಅಂತ ಇದ್ದರೆ ಇನ್ನೂ ಅಪಾಯ.

ಸಾವಿರ ಸಾಲುಗಳಲ್ಲಿ ಒಂದೇ ಒಂದು ಕಡೆ ‘ನಿಲ್’ ಅಂತಲೋ, ಒಂದು ಅಡ್ಡಗೆರೆಯೋ, ‘2 ಇಂಚು’ ಅಂತಲೋ ಇದ್ದರೆ ಸಾಕು, ಇಡೀ ಕಾಲಂ ಅಕ್ಷರವಾಗಿಬಿಡುತ್ತದೆ. ಆಗ ಮೊತ್ತ ಕೇಳಿದರೆ ಆರ್ ನೇರವಾಗಿ ದೋಷ ಹೇಳುತ್ತದೆ, ಅದು ಒಳ್ಳೆಯದು. ಆದರೆ ಅತಿ ಹೆಚ್ಚು ಎಷ್ಟು ಅಂತ ಕೇಳಿದರೆ ತಕರಾರಿಲ್ಲದೆ ಉತ್ತರ ಕೊಡುತ್ತದೆ. ಅಕ್ಷರಗಳನ್ನು ಅಕಾರಾದಿಯಾಗಿ ಹೋಲಿಸುವುದರಿಂದ 212ಕ್ಕಿಂತ 9.8 ದೊಡ್ಡದು. ಭಾಗಮಂಡಲದ ವರ್ಷದ ಗರಿಷ್ಠ ಮಳೆ 9.8 ಮಿಲಿಮೀಟರ್ ಅಂತ ಬಂದರೆ ಎಲ್ಲಿ ನೋಡಬೇಕು ಅಂತ ಈಗ ಗೊತ್ತಾಯಿತಲ್ವಾ?

ಫ್ಯಾಕ್ಟರ್ ವಿಷಯ ಹಳೇ ಆವೃತ್ತಿಗಳದ್ದು. 2020ರಲ್ಲಿ ಬಂದ 4.0.0 ಆವೃತ್ತಿಗಿಂತ ಮುಂಚೆ, ಅಕ್ಷರ ಕಂಡ ಕಾಲಮ್ಮನ್ನು ಆರ್ ತಾನಾಗಿಯೇ ಫ್ಯಾಕ್ಟರ್ ಮಾಡುತ್ತಿತ್ತು. ಉಬುಂಟು 20.04 ಅನ್ನುವ ಲಿನಕ್ಸ್ ಜೊತೆ ಬರುವುದು ಆರ್ 3.6.3. ಆ ಉಬುಂಟು ಇರುವ ಹಳೇ ಕಂಪ್ಯೂಟರುಗಳಲ್ಲಿ ಇದು ಈಗಲೂ ಕಾಡುತ್ತದೆ. ಫ್ಯಾಕ್ಟರನ್ನು ಆ್ಯಸ್ ಡಾಟ್ ನ್ಯೂಮರಿಕ್ ಹಾಕಿ ಸಂಖ್ಯೆ ಮಾಡಲು ಹೋದರೆ ಮಳೆಯ ಬದಲು ಕ್ರಮಸಂಖ್ಯೆ ಕೈಗೆ ಬರುತ್ತದೆ. ಎಚ್ಚರಿಕೆಯ ಒಂದು ಸಾಲೂ ಇರುವುದಿಲ್ಲ. ಗುರುತು ಇದು: ದಶಮಾಂಶ ಎಲ್ಲ ಮಾಯ, ಬರೀ ಪೂರ್ಣಾಂಕಗಳು. ಅದನ್ನು ಮೊದಲು ಆ್ಯಸ್ ಡಾಟ್ ಕ್ಯಾರೆಕ್ಟರ್ ಮೂಲಕ ಅಕ್ಷರ ಮಾಡಿ, ಆಮೇಲೆ ಸಂಖ್ಯೆ ಮಾಡಿ.

ಯಾವ ಸಾಲು ಕಾಲಮ್ಮನ್ನು ಕೆಡಿಸಿದೆ ಅಂತ ಕಣ್ಣಲ್ಲಿ ಹುಡುಕಬೇಡಿ. ಕಾಲಮ್ಮನ್ನು ಸಂಖ್ಯೆಗೆ ಬದಲಾಯಿಸಿ, ಬದಲಾಯಿಸಿದ ಮೇಲೆ ಎನ್‌ಎ (ಬೆಲೆ ಇಲ್ಲ ಅನ್ನಲು ಆರ್ ಹಾಕುವ ಗುರುತು) ಆದ ಸಾಲುಗಳ ಮೂಲ ಅಕ್ಷರವನ್ನು ಟೇಬಲ್ ಆಜ್ಞೆಗೆ ಕೊಡಿ. ‘ನಿಲ್’ ಎಷ್ಟು, ಅಡ್ಡಗೆರೆ ಎಷ್ಟು, ಖಾಲಿ ಎಷ್ಟು, ಎಲ್ಲ ಒಂದೇ ಪಟ್ಟಿಯಲ್ಲಿ ಸಿಗುತ್ತದೆ. ಕಾಫಿ ದರ, ಕೂಲಿ ಮೊತ್ತದ ಕಾಲಂಗಳಲ್ಲಿ ಕಾಟ ಕೊಡುವುದು ಅಲ್ಪವಿರಾಮ. 1,25,000 ಅಂತ ಬರೆದರೆ ನಮಗೆ ಲಕ್ಷದ ಲೆಕ್ಕ, ಆರ್‌ಗೆ ಅದು ಸಂಖ್ಯೆಯೇ ಅಲ್ಲ. ಜಿಸಬ್ ಆಜ್ಞೆಯಿಂದ ಅಲ್ಪವಿರಾಮ ತೆಗೆದು ಹಾಕಿ.

ತಾರೀಕಿನ ಕಾಯಿಲೆಗಳು

ಇಲ್ಲಿ ಸ್ವಲ್ಪ ನಿಲ್ಲೋಣ. ಯಾಕೆಂದರೆ ತಾರೀಕು ಕೆಟ್ಟರೆ ದೋಷದ ಸಂದೇಶ ಬರುವುದೇ ಇಲ್ಲ, ಅಥವಾ ತಡವಾಗಿ ಬರುತ್ತದೆ. ಒಳ್ಳೆಯ ಸಂಗತಿ ಏನೆಂದರೆ ಒಂದೊಂದು ತಪ್ಪಿಗೂ ಒಂದೊಂದು ಗುರುತಿದೆ. ಗುರುತು ಕಂಡರೆ ಕಾರಣ ಹೇಳಬಹುದು.

ಎಲ್ಲ ತಾರೀಕೂ 20 ಅಂತ ಬಂದಿದೆ, ವರ್ಷ 1ರಿಂದ 31ರ ಒಳಗಿದೆ ಅಂದುಕೊಳ್ಳಿ. ಫೈಲಿನಲ್ಲಿ ಇದ್ದದ್ದು 05/06/2023. ಬಂದದ್ದು ಕ್ರಿಸ್ತಶಕ 5ನೇ ಇಸವಿ ಜೂನ್ 20. ಆ್ಯಸ್ ಡಾಟ್ ಡೇಟ್ ಆಜ್ಞೆಗೆ ನಮೂನೆ ಹೇಳದಿದ್ದರೆ ಅದು ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಅಂತ ಓದುತ್ತದೆ. 05 ವರ್ಷವಾಯಿತು, 06 ತಿಂಗಳಾಯಿತು, 2023ರ ಮೊದಲ ಎರಡಂಕಿ ದಿನವಾಯಿತು. ಉಳಿದ 23 ಬಿದ್ದುಹೋಯಿತು. ನಮೂನೆಯನ್ನು ನೀವೇ ಹೇಳಿ: ಶೇಕಡಾ ಚಿಹ್ನೆ ಡಿ, ಓರೆಗೆರೆ, ಶೇಕಡಾ ಚಿಹ್ನೆ ಎಂ, ಓರೆಗೆರೆ, ಶೇಕಡಾ ಚಿಹ್ನೆ ವೈ. ಕೊನೆಯ ವೈ ದೊಡ್ಡಕ್ಷರ.

ಆ ವೈ ಸಣ್ಣಕ್ಷರವಾದರೆ ಮುಂದಿನ ಕಾಯಿಲೆ ಶುರು. ಈಗ ಎಲ್ಲ ಸಾಲುಗಳ ವರ್ಷವೂ 2020. ಸಣ್ಣ ವೈ ಅಂದರೆ ಎರಡಂಕಿಯ ವರ್ಷ. 2023ರಲ್ಲಿ ಮೊದಲ ಎರಡಂಕಿ 20, ಹಾಗಾಗಿ 2020. ತಾತನ ಕಾಲದ ಪುಸ್ತಕದಿಂದ 1978, 1985ರ ಸಾಲುಗಳಿದ್ದರೆ ಅವೆಲ್ಲ 2019ಕ್ಕೆ ಬಂದು ಸೇರುತ್ತವೆ. ನಲವತ್ತು ವರ್ಷದ ದಾಖಲೆ ಎರಡೇ ವರ್ಷಕ್ಕೆ ಕುಗ್ಗಿದ್ದು ಕಂಡರೆ ಬೇರೇನೂ ಯೋಚಿಸಬೇಡಿ, ಆ ಒಂದು ಅಕ್ಷರ ನೋಡಿ.

ಮೂರನೆಯದು ತಲೆಬರಹದ ಕಥೆ. ಜನವರಿಯಲ್ಲಿ 6, 7, 8ನೇ ತಾರೀಕು ಮಾತ್ರ ಮಳೆ. ಫೆಬ್ರವರಿಯಲ್ಲೂ 6, 7, 8. ಡಿಸೆಂಬರಿನಲ್ಲೂ ಅಷ್ಟೇ. ಹೀಗೆ ಯಾವ ದೇವರೂ ಮಳೆ ಸುರಿಸುವುದಿಲ್ಲ. ಇಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿವೆ. ಜುಲೈ 1 ಅನ್ನುವುದು ಜನವರಿ 7 ಆಗಿದೆ, ಜುಲೈ 2 ಫೆಬ್ರವರಿ 7 ಆಗಿದೆ, ಜುಲೈ 12 ಡಿಸೆಂಬರ್ 7 ಆಗಿದೆ. ಜೂನ್ ತಿಂಗಳಿನ ಮಳೆ 6ನೇ ತಾರೀಕಿಗೆ, ಆಗಸ್ಟಿನ ಮಳೆ 8ನೇ ತಾರೀಕಿಗೆ ಹಂಚಿಹೋಗಿದೆ. 13ರಿಂದ ಮುಂದಿನ ದಿನಗಳು ಮಾತ್ರ ಅದಲುಬದಲಾಗಲು ಆಗುವುದಿಲ್ಲ, ಏಕೆಂದರೆ 13ನೇ ತಿಂಗಳು ಅಂತ ಇಲ್ಲ.

ಪಾಂಡಾಸ್‌ನ 2.0ಕ್ಕಿಂತ ಹಿಂದಿನ ಆವೃತ್ತಿಗಳು ಪ್ರತಿ ಸಾಲನ್ನೂ ಬೇರೆ ಬೇರೆಯಾಗಿ ಊಹಿಸುತ್ತಿದ್ದವು. 01/07 ಕಂಡರೆ ಅಮೆರಿಕದ ರೀತಿ ತಿಂಗಳು ಮೊದಲು, 13/07 ಕಂಡರೆ ದಿನ ಮೊದಲು. ಅಲ್ಲಿ ದಿನ ಮೊದಲು ಅಂತ ಹೇಳುವ ಡೇಫಸ್ಟ್ ಆಯ್ಕೆಯನ್ನು ಆನ್ ಮಾಡಬೇಕು. ಸ್ಪ್ರೆಡ್‌ಶೀಟ್ ಕೂಡ ಕಂಪ್ಯೂಟರಿನ ಪ್ರದೇಶ ಸೆಟ್ಟಿಂಗ್ ಅಮೆರಿಕ ಅಂತ ಇದ್ದರೆ ಇದನ್ನೇ ಮಾಡುತ್ತದೆ: 12ರ ತನಕ ತಾರೀಕು, 13ರಿಂದ ಬರೀ ಅಕ್ಷರ. ಹಾಳೆಯಲ್ಲಿ ನೋಡಿದರೆ ಗೊತ್ತಾಗುತ್ತದೆ. ತಾರೀಕು ಆದವು ಬಲಕ್ಕೆ, ಅಕ್ಷರವಾಗಿ ಉಳಿದವು ಎಡಕ್ಕೆ ಅಂಟಿಕೊಂಡಿರುತ್ತವೆ. ಆರ್‌ನ ರೀಡ್‌ಎಕ್ಸೆಲ್ ಇಂಥ ಕಾಲಮ್ಮನ್ನು ಓದಿದರೆ ಒಂದು ಸಾಲಿನಲ್ಲಿ 13/07/2023, ಇನ್ನೊಂದರಲ್ಲಿ 45108ರಂಥ ಐದಂಕಿ ಸಂಖ್ಯೆ.

ಆ ಐದಂಕಿ ಸ್ಪ್ರೆಡ್‌ಶೀಟಿನ ಒಳಗಿನ ದಿನಗಣನೆ. 45108 ಅಂದರೆ 2023ರ ಜುಲೈ 1. ಆರ್‌ನಲ್ಲಿ ಅದನ್ನು ತಾರೀಕು ಮಾಡುವಾಗ ಆರಂಭದ ದಿನ 1899ರ ಡಿಸೆಂಬರ್ 30 ಅಂತ ಕೊಡಬೇಕು. ಕೊಡದಿದ್ದರೆ ಹೊಸ ಆವೃತ್ತಿಗಳು 1970ರಿಂದ ಎಣಿಸಿ ನಿಮ್ಮನ್ನು 2093ಕ್ಕೆ ಕಳಿಸುತ್ತವೆ. ಡಿಸೆಂಬರ್ 31 ಬಿಟ್ಟು 30 ಯಾಕೆ? 1900 ಅಧಿಕ ವರ್ಷ ಅಲ್ಲ. ಆದರೂ ಎಕ್ಸೆಲ್ ಆ ವರ್ಷಕ್ಕೆ ಫೆಬ್ರವರಿ 29 ಇತ್ತು ಅಂತಲೇ ಎಣಿಸುತ್ತದೆ. ಆ ಇಲ್ಲದ ದಿನವನ್ನು ಸರಿದೂಗಿಸಲು ಒಂದು ದಿನ ಹಿಂದಕ್ಕೆ ಹೋಗಬೇಕು. ಆರ್‌ಗೆ ಈ ಗೊಂದಲ ಇಲ್ಲ. ಅದರ 1.0.0 ಆವೃತ್ತಿ ಹೊರಬಂದದ್ದೇ ನಿಜವಾದ ಒಂದು ಫೆಬ್ರವರಿ 29ರಂದು, 2000ದಲ್ಲಿ.

ನೆನಪಿಡಿ, ಇಂಥ ಅರ್ಧ ತಾರೀಕು, ಅರ್ಧ ಅಕ್ಷರ ಆಗಿರುವ ಹಾಳೆಯನ್ನು ಆರ್‌ನಲ್ಲಿ ರಿಪೇರಿ ಮಾಡುವುದಕ್ಕಿಂತ ಪ್ರದೇಶ ಸೆಟ್ಟಿಂಗ್ ಭಾರತಕ್ಕೆ ಬದಲಾಯಿಸಿ ಮೂಲ ಸಿಎಸ್‌ವಿಯಿಂದ (ಅಲ್ಪವಿರಾಮ ಹಾಕಿ ಕಾಲಂ ಬೇರ್ಪಡಿಸಿದ ಸಾದಾ ಅಕ್ಷರದ ಫೈಲ್) ಮತ್ತೆ ಶುರು ಮಾಡುವುದು ಬೇಗ ಮುಗಿಯುವ ಕೆಲಸ. ಹೊಸದಾಗಿ ಟೈಪ್ ಮಾಡುವವರು ವರ್ಷ-ತಿಂಗಳು-ದಿನ ಕ್ರಮದಲ್ಲೇ ಬರೆದರೆ ಈ ತಲೆನೋವು ಹುಟ್ಟುವುದೇ ಇಲ್ಲ.

ಒಂದಿಂಚು ಐದಾ, ಐವತ್ತಾ?

ಇದು ನಮ್ಮ ಕಡೆಯ ಕಾಯಿಲೆ. ಆರ್‌ನ ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ.

ಒಂದಿಂಚಿಗೆ ನೂರು ಸೆಂಟು. 3 ಇಂಚು 20 ಸೆಂಟು ಅಂದರೆ 3.20 ಇಂಚು. 25.4ರಿಂದ ಗುಣಿಸಿದರೆ 81.28 ಮಿಲಿಮೀಟರ್. ಇಲ್ಲಿಯತನಕ ಸುಲಭ. ತೊಂದರೆ ಬರುವುದು ಹತ್ತಕ್ಕಿಂತ ಕಡಿಮೆ ಸೆಂಟು ಬಿದ್ದ ದಿನ. ಮಳೆ ಪುಸ್ತಕದಲ್ಲಿ ‘0.8’ ಅಂತ ಇದೆ. ಬರೆದವರು ಎಂಟು ಸೆಂಟು ಅಂದುಕೊಂಡು ಬರೆದರೋ, ಎಂಬತ್ತು ಸೆಂಟು ಅಂದುಕೊಂಡೋ? ಎಂಬತ್ತು ಸೆಂಟು ಅಂದರೆ 20 ಮಿಲಿಮೀಟರಿನ ಮೇಲೆ. ಎಂಟು ಸೆಂಟು ಅಂದರೆ ಬರೀ 2 ಮಿಲಿಮೀಟರ್. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಅಥವಾ ಜಾಸ್ತಿ ಬಿದ್ದರೆ ಮಾತ್ರ ಅದು ‘ಮಳೆ ದಿನ’. ಅಂದರೆ ಒಂದೇ ನಮೂದು ಒಂದು ಅರ್ಥದಲ್ಲಿ ಮಳೆ ದಿನ, ಇನ್ನೊಂದು ಅರ್ಥದಲ್ಲಿ ಅಲ್ಲ.

ಜುಲೈ ತಿಂಗಳಲ್ಲಿ ಇದರಿಂದ ಮೊತ್ತ ಅಷ್ಟೇನೂ ಅಲ್ಲಾಡುವುದಿಲ್ಲ. ಆದರೆ ಫೆಬ್ರವರಿ-ಮಾರ್ಚ್‌ನ ಹೂಮಳೆ ವಿಷಯಕ್ಕೆ ಬಂದರೆ ಇದೇ ಎಲ್ಲ. ರೋಬಸ್ಟಾ ಮೊಗ್ಗು ಅರಳಲು ಎಂಬತ್ತು ಸೆಂಟಿಗೂ ಎಂಟು ಸೆಂಟಿಗೂ ಇರುವ ವ್ಯತ್ಯಾಸ ಯಾವ ತೋಟದವರಿಗೂ ಹೇಳಬೇಕಿಲ್ಲ. ಹೂಮಳೆಗೂ ಫಸಲಿಗೂ ಸಂಬಂಧ ಹುಡುಕುವ ರಿಗ್ರೆಷನ್ ಏನೂ ತೋರಿಸುತ್ತಿಲ್ಲ ಅಂದರೆ ಮಾದರಿ ಬದಲಾಯಿಸುವ ಮುಂಚೆ ಇದನ್ನು ನೋಡಿ.

ಪತ್ತೆ ಮಾಡುವುದು ಹೇಗೆ? ಕಾಲಮ್ಮನ್ನು ಸಂಖ್ಯೆಯಾಗಿ ಓದಿಸಬೇಡಿ. ರೀಡ್ ಡಾಟ್ ಸಿಎಸ್‌ವಿ ಕೊಡುವಾಗ ಕೋಲ್ ಕ್ಲಾಸಸ್ ಆಯ್ಕೆಯಲ್ಲಿ ಕ್ಯಾರೆಕ್ಟರ್ ಅಂತ ಹೇಳಿ, ಇದ್ದದ್ದು ಇದ್ದ ಹಾಗೆ ತರಿಸಿಕೊಳ್ಳಿ. ಸಂಖ್ಯೆಯಾದ ತಕ್ಷಣ 1.50 ಮತ್ತು 1.5 ಎರಡೂ ಒಂದೇ ಆಗುತ್ತವೆ, ಸುಳಿವು ಅಳಿಸಿಹೋಗುತ್ತದೆ. ಆಮೇಲೆ ಚುಕ್ಕಿಯ ನಂತರದ ಭಾಗವನ್ನು ಬೇರೆ ಮಾಡಿ ಟೇಬಲ್ ಹಾಕಿ. ಸೆಂಟುಗಳು ಒಂದೇ ಸಮ ಹರಡಿವೆ ಅಂದುಕೊಂಡರೆ 01ರಿಂದ 09ರ ತನಕದ ನಮೂದುಗಳು ನೂರಕ್ಕೆ ಒಂಬತ್ತರ ಹತ್ತಿರ ಇರಬೇಕು. 10, 20, 30 ಹೀಗೆ 90ರ ತನಕದವೂ ಅಷ್ಟೇ ಇರಬೇಕು. 01-09 ಒಂದೂ ಇಲ್ಲ, ಆದರೆ ಒಂಟಿ ಅಂಕಿಯ 1, 2, 3 ನೂರಕ್ಕೆ ಹದಿನೆಂಟರ ಆಸುಪಾಸು ಇವೆ ಅಂದರೆ ಎರಡೂ ಬೆರೆತಿವೆ ಅಂತಲೇ ಅರ್ಥ. ಇದು ಒರಟು ಅಂದಾಜು. ಮಾಪಕ ನೋಡುವವರು ಐದಕ್ಕೆ, ಹತ್ತಕ್ಕೆ ಸರಿಹೊಂದಿಸಿ ಬರೆಯುವುದುಂಟು, ಆಗ ಹತ್ತರ ಗುಣಕಗಳು ತಾವಾಗಿಯೇ ಜಾಸ್ತಿ ಇರುತ್ತವೆ. ಆದರೆ 01-09 ಪೂರ್ತಿ ಗೈರಾಗಿದ್ದರೆ ಅದಕ್ಕೆ ಬೇರೆ ಸಮಜಾಯಿಷಿ ಸಿಗುವುದು ಕಷ್ಟ.

ಪತ್ತೆಯಾದ ಮೇಲೆ ಸರಿ ಮಾಡುವುದು ಆರ್‌ನಿಂದ ಆಗುವ ಕೆಲಸ ಅಲ್ಲ. ಪುಸ್ತಕದ ಮೂಲ ಪುಟ ತೆಗೆಯಬೇಕು, ಬರೆದವರು ಇದ್ದರೆ ಕೇಳಬೇಕು. ‘ರೈಟರೇ, ನೀವು ಒಂದು ಪಾಯಿಂಟ್ ಐದು ಅಂತ ಬರೆದಿದ್ದೀರಲ್ಲ, ಅದು ಐದು ಸೆಂಟಾ, ಐವತ್ತಾ?’ ಅಂತ ಕೇಳಿದರೆ ಹೆಚ್ಚಿನವರು ಥಟ್ಟನೆ ಹೇಳುತ್ತಾರೆ. ಒಬ್ಬೊಬ್ಬರು ಒಂದೊಂದು ರೂಢಿ ಇಟ್ಟುಕೊಂಡಿರುತ್ತಾರೆ, ಆ ರೂಢಿಯನ್ನು ಬದಲಾಯಿಸುವುದಿಲ್ಲ. ಹಾಗಾಗಿ ಯಾವ ವರ್ಷದಿಂದ ಯಾವ ವರ್ಷದ ತನಕ ಯಾರು ಬರೆದರು ಅಂತ ಕೈಬರಹ ನೋಡಿ ಗುರುತು ಹಾಕಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಉತ್ತರ ಸಿಗದ ಸಾಲುಗಳಿಗೆ ಬೇರೆ ಕಾಲಮ್ಮಿನಲ್ಲಿ ‘ಅನುಮಾನ’ ಅಂತ ಗುರುತಿಡಿ. ಎರಡೂ ಅರ್ಥದಲ್ಲಿ ಒಮ್ಮೊಮ್ಮೆ ಲೆಕ್ಕ ಹಾಕಿ ಉತ್ತರ ಎಷ್ಟು ಬದಲಾಗುತ್ತದೆ ನೋಡಿ.

ಹೊಸದಾಗಿ ಏರಿಸುವಾಗ ಇಂಚಿಗೆ ಒಂದು ಕಾಲಂ, ಸೆಂಟಿಗೆ ಇನ್ನೊಂದು ಕಾಲಂ ಇಡಿ. ‘1-05’ ಅಂತ ಅಡ್ಡಗೆರೆ ಹಾಕಿ ಬರೆಯಲೇಬೇಡಿ, ಸ್ಪ್ರೆಡ್‌ಶೀಟ್ ಅದನ್ನು ತಾರೀಕು ಅಂದುಕೊಂಡು ನುಂಗಿಹಾಕುತ್ತದೆ.

ಖಾಲಿ ಜಾಗ ಅಂದರೆ ಸೊನ್ನೆ ಅಲ್ಲ

ಮೊತ್ತ ಎನ್‌ಎ ಅಂತ ಬಂದಾಗ ಎನ್‌ಎ ಡಾಟ್ ಆರ್‌ಎಂ ಅನ್ನು ಟ್ರೂ ಮಾಡಿ ಅನ್ನುವುದು ಎಲ್ಲರೂ ಕೊಡುವ ಸಲಹೆ. ಸಂಖ್ಯೆ ಬರುತ್ತದೆ, ನಿಜ. ಆದರೆ ಆರ್ ಆಗ ಖಾಲಿ ದಿನಗಳನ್ನು ಬಿಟ್ಟು ಕೂಡಿಸುತ್ತದೆ, ಅಂದರೆ ಆ ದಿನ ಮಳೆಯೇ ಇಲ್ಲ ಅಂದ ಹಾಗಾಯಿತು. ಜನವರಿಯ ಖಾಲಿ ಜಾಗಕ್ಕೆ ಇದು ಒಪ್ಪಬಹುದು, ಮಳೆ ಇಲ್ಲದ ದಿನ ಯಾರೂ ಬರೆಯಲು ಹೋಗುವುದಿಲ್ಲ. 2018ರ ಆಗಸ್ಟಿನ ಖಾಲಿ ಜಾಗಕ್ಕೆ ಒಪ್ಪುವುದು ಹೇಗೆ? ಆಗ ಗುಡ್ಡ ಕುಸಿದು, ರಸ್ತೆ ಮುಚ್ಚಿ, ಜನ ಪರಿಹಾರ ಕೇಂದ್ರಗಳಲ್ಲಿದ್ದರು. ಅಂಥ ಜಾಗದಲ್ಲಿ ಮಾಪಕ ನೋಡುವವರು ಇರಲಿಲ್ಲ ಅಷ್ಟೇ, ಮಳೆ ಇತ್ತು. ಆ ತಿಂಗಳ ಮೊತ್ತ ಕಡಿಮೆ ಬಂದರೆ ಅದಕ್ಕಿಂತ ದಾರಿ ತಪ್ಪಿಸುವ ಸಂಖ್ಯೆ ಇನ್ನೊಂದಿಲ್ಲ.

ಹಾಗಾಗಿ ಮೊತ್ತದ ಪಕ್ಕದಲ್ಲೇ ಪ್ರತಿ ತಿಂಗಳು ಎಷ್ಟು ದಿನ ಖಾಲಿ ಅಂತ ಇಸ್ ಡಾಟ್ ಎನ್‌ಎ ಬಳಸಿ ಎಣಿಸಿ ಇಡಿ. ಮಳೆಗಾಲದ ತಿಂಗಳಲ್ಲಿ ಖಾಲಿ ದಿನಗಳಿದ್ದರೆ ಆ ತಿಂಗಳ ಮೊತ್ತವನ್ನು ಹೋಲಿಕೆಗೆ ಬಳಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ಚೂರು ಸೂಕ್ಷ್ಮ: ಎರಡು ದಿನ ಖಾಲಿ ಇದ್ದು ಮೂರನೇ ದಿನ ದೊಡ್ಡ ಸಂಖ್ಯೆ ಇದ್ದರೆ ಅದು ಮೂರೂ ದಿನದ ಮಳೆ ಒಟ್ಟಿಗೆ ಅಳೆದದ್ದಿರಬಹುದು. ತಿಂಗಳ ಮೊತ್ತಕ್ಕೆ ತೊಂದರೆ ಇಲ್ಲ. ಒಂದೇ ದಿನದ ಗರಿಷ್ಠ ಹುಡುಕುವವರಿಗೆ ಮಾತ್ರ ಅದು ಸುಳ್ಳು ದಾಖಲೆ.

ದೊಡ್ಡ ಸಂಖ್ಯೆ ಕಂಡ ಕೂಡಲೇ ಅಳಿಸುವವರೂ ಇದ್ದಾರೆ. ಸಂಖ್ಯೆಗಳ ಹರಡುವಿಕೆ ತೋರಿಸುವ ಬಾಕ್ಸ್‌ಪ್ಲಾಟ್ ಚಿತ್ರ ಅದನ್ನು ಹೊರಗಿನ ಚುಕ್ಕಿ ಅಂತ ತೋರಿಸಿತು ಅನ್ನುವುದು ಅವರ ಸಮರ್ಥನೆ. ಮುಕ್ಕಾಲು ಪಾಲು ದಿನ ಸೊನ್ನೆ ಇರುವ ದಾಖಲೆಯಲ್ಲಿ ಬಾಕ್ಸ್‌ಪ್ಲಾಟ್ ಮಳೆ ಬಂದ ಪ್ರತಿ ದಿನವನ್ನೂ ಹೊರಗಿನ ಚುಕ್ಕಿ ಅನ್ನುತ್ತದೆ. ಹವಾಮಾನ ಇಲಾಖೆಯಲ್ಲಿ 204.4 ಮಿಲಿಮೀಟರ್ ದಾಟಿದ ದಿನಕ್ಕೆ ‘ಅತ್ಯಂತ ಭಾರಿ’ ಅನ್ನುವ ವರ್ಗವೇ ಇದೆ. ಭಾಗಮಂಡಲದ ಕಡೆ 200 ದಾಟಿದ್ದನ್ನು ನಂಬಬಹುದು. ಅದೇ ಸಂಖ್ಯೆ ಕುಶಾಲನಗರದ ಕಡೆ ಕಂಡರೆ ಪುಸ್ತಕ ತೆಗೆದು ನೋಡಬೇಕು. ಒಂದೇ ಜಿಲ್ಲೆಯ ಪಡುವಣಕ್ಕೂ ಮೂಡಣಕ್ಕೂ ಅಷ್ಟು ಅಂತರ ಇದೆ.

ಒಂದು ದಿನ ಆಚೀಚೆ

ನಿಮ್ಮ ತೋಟದ ಮಳೆಯನ್ನು ಹತ್ತಿರದ ಸರ್ಕಾರಿ ಮಾಪಕದ ಜೊತೆ ಹೋಲಿಸಿದಾಗ ಸ್ವಲ್ಪವೂ ತಾಳೆಯಾಗುತ್ತಿಲ್ಲ, ಆದರೆ ತಿಂಗಳ ಮೊತ್ತ ಹೆಚ್ಚೂಕಡಿಮೆ ಸರಿಯಿದೆ ಅಂದರೆ ದಿನದ ಗಡಿ ನೋಡಿ. ಇಲಾಖೆಯವರು ಬೆಳಿಗ್ಗೆ 8:30ಕ್ಕೆ ಅಳೆದು, ಅದಕ್ಕೆ ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ತಾರೀಕಿಗೇ ಬರೆಯುತ್ತಾರೆ. ಕೆಲವು ತೋಟಗಳಲ್ಲಿ ‘ಇದು ನಿನ್ನೆಯ ಮಳೆ ಅಲ್ವಾ’ ಅಂತ ನಿನ್ನೆಯ ತಾರೀಕಿಗೆ ಬರೆಯುತ್ತಾರೆ. ಖಾಲಿ ಇಲ್ಲದ ಒಂದು ಜುಲೈ ತೆಗೆದುಕೊಂಡು ಎರಡು ಕಾಲಮ್ಮನ್ನೂ ಸಿಸಿಎಫ್ ಆಜ್ಞೆಗೆ ಕೊಡಿ. ಎಷ್ಟು ದಿನ ಸರಿಸಿದರೆ ಎರಡೂ ಎಷ್ಟು ತಾಳೆಯಾಗುತ್ತವೆ ಅಂತ ಅದು ಗೆರೆಗಳಲ್ಲಿ ತೋರಿಸುತ್ತದೆ. ಎತ್ತರದ ಗೆರೆ ಸೊನ್ನೆಯ ಮೇಲಿಲ್ಲದೆ ಒಂದರ ಮೇಲೋ, ಮೈನಸ್ ಒಂದರ ಮೇಲೋ ನಿಂತಿದ್ದರೆ ಒಂದು ದಿನ ಸರಿಸಿ ಹೋಲಿಸಿ.

ಊರಿನ ಹೆಸರು ಒಂದೇ, ಆದರೂ ಸೇರುತ್ತಿಲ್ಲ

ಎರಡು ಟೇಬಲ್‌ಗಳನ್ನು ಊರಿನ ಹೆಸರಿನ ಮೇಲೆ ಮರ್ಜ್ ಮಾಡಿದಿರಿ. ಬಂದದ್ದು ಸೊನ್ನೆ ಸಾಲು. ಕಣ್ಣಿಗೆ ಎರಡರಲ್ಲೂ ‘ಮಡಿಕೇರಿ’ ಅಂತಲೇ ಇದೆ. ಮೊದಲು ಸುಲಭದ್ದು ನೋಡಿ: ಹೆಸರಿನ ಕೊನೆಯಲ್ಲಿ ಖಾಲಿ ಜಾಗ ಉಳಿದಿದೆಯಾ? ಟ್ರಿಮ್ ಡಬ್ಲ್ಯೂಎಸ್ ಆಜ್ಞೆ ಅದನ್ನು ಕತ್ತರಿಸುತ್ತದೆ. ಸೆಟ್‌ಡಿಫ್ ಆಜ್ಞೆ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ ಹೆಸರುಗಳ ಪಟ್ಟಿ ಕೊಡುತ್ತದೆ.

ಆಮೇಲೂ ಸರಿಹೋಗದಿದ್ದರೆ ಎನ್‌ಚಾರ್ ಹಾಕಿ ಅಕ್ಷರಗಳ ಎಣಿಕೆ ನೋಡಿ. ಒಂದು ಫೈಲಿನ ‘ಮಡಿಕೇರಿ’ 7, ಇನ್ನೊಂದರದ್ದು 8 ಅಂತ ಬಂದರೆ ಕಾರಣ ಆ ‘ಕೇ’. ಯುನಿಕೋಡಿನಲ್ಲಿ ಏತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಇಲ್ಲವೇ ಎತ್ವ ಬೇರೆ, ದೀರ್ಘದ ಚಿಹ್ನೆ ಬೇರೆ ಅಂತ ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಆರ್‌ಗೆ ಬೇರೆ ಬೇರೆ. ಸೋಮವಾರಪೇಟೆಯಲ್ಲಿ ‘ಸೋ’, ‘ಪೇ’ ಎರಡೂ ಇರುವುದರಿಂದ ಅಲ್ಲಿ ಇದು ಎರಡು ಪಟ್ಟು. ಸ್ಟ್ರಿಂಗಿ ಪ್ಯಾಕೇಜಿನ ಎನ್‌ಎಫ್‌ಸಿ ಆಜ್ಞೆ ಎಲ್ಲವನ್ನೂ ಒಂದೇ ರೂಪಕ್ಕೆ ತರುತ್ತದೆ, ಅದನ್ನು ಎರಡು ಟೇಬಲ್‌ಗಳಿಗೂ ಹಾಕಿ.

ಕನ್ನಡದ ಬದಲು ಪ್ರಶ್ನೆ ಚಿಹ್ನೆಗಳ ಸಾಲು ಕಂಡರೆ ಸ್ಪ್ರೆಡ್‌ಶೀಟಿನಿಂದ ಸಾದಾ ಸಿಎಸ್‌ವಿಯಾಗಿ ಉಳಿಸಿದ್ದಾರೆ. ಆ ಫೈಲಿನಲ್ಲಿ ಕನ್ನಡ ಉಳಿದಿಲ್ಲ, ಹುಡುಕಿ ಪ್ರಯೋಜನವಿಲ್ಲ. ಮೂಲ ಹಾಳೆಯಿಂದ ಯುಟಿಎಫ್-8 ಸಿಎಸ್‌ವಿಯಾಗಿ ಮತ್ತೆ ಉಳಿಸಿ. ವಿಂಡೋಸಿನಲ್ಲಿ ಕನ್ನಡದ ಬದಲು ಕೋನಾವರಣದೊಳಗೆ ಸಂಕೇತ ಸಂಖ್ಯೆಗಳು ಕಂಡರೆ ಆರ್ ಹಳೇದಾಗಿದೆ. 2022ರ 4.2.0 ಆವೃತ್ತಿಯಿಂದ ವಿಂಡೋಸ್ 10ರ ಹೊಸ ರೂಪಗಳಲ್ಲಿ ಆರ್ ನೇರವಾಗಿ ಯುಟಿಎಫ್-8 ಬಳಸುತ್ತದೆ. ಹೊಸ ಆವೃತ್ತಿ ಹಾಕುವುದು ನಿಜವಾಗಿ ಕೆಲಸಕ್ಕೆ ಬರುವ ಕೆಲವೇ ಸಂದರ್ಭಗಳಲ್ಲಿ ಇದೂ ಒಂದು.

ಪ್ರಯೋಗದ ತಾಕುಗಳು

ವಿದ್ಯಾರ್ಥಿಗಳಿಗೆ ಒಂದು ಮಾತು. ನಾಲ್ಕು ಗೊಬ್ಬರ ಉಪಚಾರ, ಐದು ಬ್ಲಾಕ್, ಒಟ್ಟು 20 ತಾಕು. ಉಪಚಾರಗಳ ಸರಾಸರಿ ಹೋಲಿಸುವ ಅನೋವಾ ಟೇಬಲ್ಲಿನಲ್ಲಿ ಡಿಗ್ರಿ ಆಫ್ ಫ್ರೀಡಂ ಉಪಚಾರಕ್ಕೆ 3, ಬ್ಲಾಕಿಗೆ 4, ಉಳಿಕೆಗೆ 12 ಇರಬೇಕು. ನಿಮ್ಮದರಲ್ಲಿ 1, 1, 17 ಬಂದಿದೆ. ಉಪಚಾರಗಳನ್ನು 1, 2, 3, 4 ಅಂತ ಬರೆದಿದ್ದರಿಂದ ಆರ್ ಅದನ್ನು ಅಳತೆ ಅಂದುಕೊಂಡು ಒಂದು ಗೆರೆ ಎಳೆದಿದೆ. ಉಪಚಾರ, ಬ್ಲಾಕ್ ಎರಡನ್ನೂ ಫ್ಯಾಕ್ಟರ್ ಮಾಡಿ. ಪಿ ಮೌಲ್ಯಕ್ಕೆ ಕಣ್ಣು ಹಾಕುವ ಮುಂಚೆ ಡಿಗ್ರಿ ಆಫ್ ಫ್ರೀಡಂ ಕಾಲಂ ನೋಡುವುದನ್ನು ಮಾರ್ಗದರ್ಶಕರು ಯಾಕೆ ಕಡ್ಡಾಯ ಮಾಡುವುದಿಲ್ಲವೋ ತಿಳಿಯದು.

ಒಂದೇ ಡೇಟಾಗೆ ಎರಡು ತಂತ್ರಾಂಶ ಬೇರೆ ಬೇರೆ ಉತ್ತರ ಕೊಟ್ಟರೆ ಒಂದು ಕೆಟ್ಟಿದೆ ಅಂತ ಅಲ್ಲ. ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆಯುವಾಗ ಆರ್ ಮತ್ತು ಪಾಂಡಾಸ್ ಎಣಿಕೆಯಲ್ಲಿ ಒಂದು ಕಳೆದು ಭಾಗಿಸುತ್ತವೆ, ಪೈಥಾನ್‌ನದ್ದೇ ಆದ ನಂಪೈ ಪೂರ್ತಿ ಎಣಿಕೆಯಿಂದ ಭಾಗಿಸುತ್ತದೆ. ಕ್ವಾಂಟೈಲ್ ತೆಗೆಯಲು ಆರ್‌ನಲ್ಲಿ ಒಂಬತ್ತು ವಿಧಾನಗಳಿವೆ, ಏನೂ ಹೇಳದಿದ್ದರೆ ಏಳನೆಯದನ್ನು ಬಳಸುತ್ತದೆ. ಒಂದೆರಡು ತಾಕು ಹಾಳಾಗಿ ಸಂಖ್ಯೆ ಅಸಮವಾದಾಗ ಆರ್‌ನ ಅನೋವಾ ಹೆಸರು ಕೊಟ್ಟ ಕ್ರಮದಲ್ಲೇ ಲೆಕ್ಕ ಹಾಕುತ್ತದೆ. ಕ್ರಮ ಬದಲಾಯಿಸಿದರೆ ಸಂಖ್ಯೆ ಬದಲಾಗುತ್ತದೆ. ಯಾವುದನ್ನು ಬಳಸಿದ್ದೀರಿ ಅಂತ ಪ್ರಬಂಧದಲ್ಲಿ ಬರೆದರೆ ಸಾಕು.

ಪ್ಯಾಕೇಜ್ ಇನ್‌ಸ್ಟಾಲ್ ಆಗದಿದ್ದರೆ ಅದು ಬೇರೆಯೇ ವಿಷಯ. ಮಳೆಗಾಲದಲ್ಲಿ ನೆಟ್‌ವರ್ಕ್ ಇರುವುದೇ ಎಳೆದಾಡಿಕೊಂಡು. ಆರ್ ಒಂದು ಡೌನ್‌ಲೋಡಿಗೆ ಕಾಯುವುದು 60 ಸೆಕೆಂಡ್ ಮಾತ್ರ. ಆಪ್ಷನ್ಸ್ ಆಜ್ಞೆಯಲ್ಲಿ ಟೈಮ್‌ಔಟ್ ಅನ್ನು 600ಕ್ಕೆ ಏರಿಸಿ ಮತ್ತೆ ಪ್ರಯತ್ನಿಸಿ. ಅದೂ ಆಗದಿದ್ದರೆ ಸಿಗ್ನಲ್ ಸಿಗುವ ಕಡೆ ಪ್ಯಾಕೇಜಿನ ಜಿಪ್ ಫೈಲ್ ಇಳಿಸಿಕೊಂಡು ಬಂದು ಮನೆಯಲ್ಲಿ ಆ ಫೈಲಿನಿಂದಲೇ ಹಾಕಬಹುದು. ಅದು ಅವಲಂಬಿಸಿರುವ ಬೇರೆ ಪ್ಯಾಕೇಜುಗಳನ್ನೂ ಜೊತೆಗೆ ಇಳಿಸಿಕೊಳ್ಳಿ, ಇಲ್ಲದಿದ್ದರೆ ಮತ್ತೊಮ್ಮೆ ಗುಡ್ಡ ಹತ್ತಬೇಕಾಗುತ್ತದೆ.

ಇಷ್ಟಾದರೂ ಬಗೆಹರಿಯದೆ ಬೇರೆಯವರ ಸಹಾಯ ಕೇಳುವುದಾದರೆ ಪರದೆಯ ಫೋಟೋ ಕಳಿಸಬೇಡಿ. ಅದರಿಂದ ಕಾಲಮ್ಮಿನ ಜಾತಿ ಗೊತ್ತಾಗುವುದಿಲ್ಲ. ಸೆಷನ್ ಇನ್ಫೋ ಆಜ್ಞೆ ಕೊಟ್ಟಾಗ ಬರುವ ಆವೃತ್ತಿ ವಿವರ, ದೋಷದ ಪೂರ್ತಿ ಸಂದೇಶ, ಮತ್ತು ಡಿಪುಟ್ ಆಜ್ಞೆಯಿಂದ ತೆಗೆದ ಮೊದಲ ಇಪ್ಪತ್ತು ಸಾಲು ಕಳಿಸಿ. ಡಿಪುಟ್ ಕೊಟ್ಟದ್ದನ್ನು ಇನ್ನೊಬ್ಬರು ತಮ್ಮ ಆರ್‌ನಲ್ಲಿ ಅಂಟಿಸಿದರೆ ನಿಮ್ಮ ಟೇಬಲ್ ಅದೇ ಜಾತಿ, ಅದೇ ಎನ್‌ಎಗಳ ಸಮೇತ ಅಲ್ಲಿ ಹುಟ್ಟುತ್ತದೆ. ಕಳಿಸುವ ಮುಂಚೆ ತೋಟದ ಹೆಸರು, ಕೂಲಿ, ಮಾರಿದ ದರದ ಕಾಲಂಗಳನ್ನು ತೆಗೆದುಬಿಡಿ.